ಈ ಹಾಸ್ಯಗಾರನ ಬಳಿ ಏನಿಲ್ಲ? ಊಹಿಸಿ!

ಒಂದು ಒಗಟು ಹೇಳುತ್ತೇನೆ. ಬ್ರಿಟನ್ನಿನಲ್ಲಿ ಒಬ್ಬ ಸ್ಟ್ಯಾಂಡಪ್ ಕಾಮಿಡಿಯನ್ ಇದ್ದಾನೆ. ವೇದಿಕೆಗೆ ಒಬ್ಬನೇ ಬರುತ್ತಾನೆ. ವಾದ್ಯವಿಲ್ಲ, ವೇಷವಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆದರೆ ಇದೊಂದಿಲ್ಲದೆ ಈ ಕಲೆ ಸಾಧ್ಯವೇ ಇಲ್ಲ ಎಂದು ನೀವೂ ನಾನೂ ಆಣೆ ಮಾಡಿ ಹೇಳುವಂಥದ್ದು ಒಂದು ಇದೆಯಲ್ಲ, ಅದೇ ಈತನ ಬಳಿ ಇಲ್ಲ!

ಏನದು? ಹೇಳಿ ನೋಡೋಣ!

ಕಣ್ಣೇ? ಅಲ್ಲ. ಕಿವಿಯೇ? ಅಲ್ಲವೇ ಅಲ್ಲ. ಇನ್ನೊಂದು ಸಲ ಯೋಚಿಸಿ.

ಮಾತು! ಹೌದು, ಮಾತೇ ಇಲ್ಲ!

ಹೆಸರು ಲೀ ರಿಡ್ಲಿ. ಇಂಗ್ಲೆಂಡಿನ ಈಶಾನ್ಯ ಭಾಗದ ಕಾನ್ಸೆಟ್ ಎಂಬ ಊರಿನವ. ಮೆದುಳಿನ ತೊಂದರೆಯಿಂದ ಅಂಗಾಂಗಗಳ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿ ಇದೆ. ಹಸುಗೂಸಾಗಿದ್ದಾಗಲೇ ಮಾತಿನ ದಾರಿ ಮುಚ್ಚಿಹೋಯಿತು. ಒಂದು ಲೋಟ ನೀರು ಬೇಕೆಂದರೂ ಟೈಪ್ ಮಾಡಬೇಕು, ಯಂತ್ರ ಅದನ್ನು ಓದಿ ಹೇಳಬೇಕು. ಅಂಥವನು ಆರಿಸಿಕೊಂಡದ್ದು ಏನನ್ನು? ಮಾತನ್ನೇ ನಂಬಿ ಬದುಕುವ ಕಲೆಯನ್ನು!

ನಾವು ನೀವು ಕಾಲೇಜಿನ ಸಮಾರಂಭದಲ್ಲಿ ನಾಲ್ಕು ಮಾತಾಡಲು ಎದ್ದು ನಿಂತರೆ ಸಾಕು, ಬಾಯಿಯ ಪಸೆ ಆರುತ್ತದೆ. ಕಾಲು ನಡುಗುತ್ತದೆ. ಸುಸೂತ್ರ ನಾಲಿಗೆಯಿದ್ದವರ ಪಾಡೇ ಇದು! ಹಾಗಾದರೆ ಲೀಯ ಪಾಡು?

ನೀನ್ಯಾಕೆ ಸ್ಟ್ಯಾಂಡಪ್ ಮಾಡಬಾರದು ಎಂದು ಗೆಳೆಯರು ಕೇಳಿದಾಗ ಮೊದಮೊದಲು ಈತನೂ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಆಗುವ ಮಾತೇ ಇದು? ಆದರೆ ಹುಳ ಹೊಕ್ಕಾಗಿತ್ತು. ಒಮ್ಮೆಯಾದರೂ ಮಾಡಿ ನೋಡದಿದ್ದರೆ ಮುಂದೆ ಕೊರಗಬೇಕಾದೀತು ಅನ್ನಿಸಿತು.

ಫೆಬ್ರವರಿ 2012. ವಯಸ್ಸು 31. ಹತ್ತಿಯೇಬಿಟ್ಟ ವೇದಿಕೆ!

ಈಗ ನನ್ನನ್ನು ದಂಗುಬಡಿಸಿದ ವಿಷಯಕ್ಕೆ ಬರುತ್ತೇನೆ. ಹೆದರಿಕೆ ಇದ್ದದ್ದು ಈತನಿಗೆ ಮಾತ್ರವಲ್ಲ. ಎದುರಿಗೆ ಕೂತವರಿಗೂ ಇತ್ತು! ಅವರ ಜಾಗದಲ್ಲಿ ನಿಮ್ಮನ್ನು ಕೂರಿಸಿಕೊಳ್ಳಿ. ಅಂಗವಿಕಲನೊಬ್ಬ ನಿಧಾನವಾಗಿ ನಡೆದು ಬರುತ್ತಾನೆ. ನಗಬಹುದೇ? ನಕ್ಕರೆ ಪಾಪವೇ? ಪಕ್ಕದವರು ಏನೆಂದುಕೊಂಡಾರು? ಇಡೀ ಸಭಾಂಗಣಕ್ಕೆ ಉಸಿರು ಬಿಡಲೂ ಸಂಕೋಚ.

ಈ ಗಂಟನ್ನು ಬಿಚ್ಚಲು ಎಷ್ಟು ಮಾತು ಬೇಕು? ಒಂದೇ ಒಂದು ವಾಕ್ಯ! ಮಾತು ಇನ್ನು ಬರುವುದೇ ಇಲ್ಲ ಎಂದು ಗೊತ್ತಾದಾಗ ತನಗೆ ಮಾತೇ ಹೊರಡಲಿಲ್ಲ ಎನ್ನುತ್ತಾನೆ ಲೀ. ಅಷ್ಟೇ! ಸಭೆ ಸಿಡಿಯುತ್ತದೆ. ನಗಲು ಅಪ್ಪಣೆ ಸಿಕ್ಕಿತು! ಎರಡೂ ಕಡೆಯ ಹೆದರಿಕೆ ಒಂದೇ ಏಟಿಗೆ ಮಾಯ!

ಆದರೂ ಒಂದು ಪ್ರಶ್ನೆ ಉಳಿಯಿತಲ್ಲ? ಹಾಸ್ಯವೆಂದರೆ ಸಮಯಪ್ರಜ್ಞೆ. ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು, ಯಾವ ಪದವನ್ನು ಎಳೆಯಬೇಕು ಎಂಬುದರಲ್ಲೇ ಅರ್ಧ ನಗು. ಯಂತ್ರಕ್ಕೆ ಇದೆಲ್ಲ ಎಲ್ಲಿಂದ ಬರಬೇಕು? ಅದಕ್ಕೆ ಪಿಸುಗುಟ್ಟಲು ಬಾರದು. ಕೀಟಲೆಯ ದನಿಯೂ ಬಾರದು. ಜೋಕು ಹೇಳಿದರೂ ರೈಲು ಬರುವ ಸುದ್ದಿ ಹೇಳಿದರೂ ಒಂದೇ ರಾಗ!

ಲೀ ಏನು ಮಾಡುತ್ತಾನೆ ಗೊತ್ತೇ? ಎಲ್ಲವನ್ನೂ ಮೊದಲೇ ಬರೆದು ಐಪ್ಯಾಡಿಗೆ ತುಂಬಿರುತ್ತಾನೆ. ಬೆರಳು ಒತ್ತುತ್ತಾನೆ, ಯಂತ್ರ ನುಡಿಯುತ್ತದೆ. ಆಮೇಲೆ ಕಾಯುತ್ತಾನೆ. ನಗು ಏರಲಿ, ಇಳಿಯಲಿ ಎಂದು ಕಾಯುತ್ತಾನೆ. ಸುಮ್ಮನೆ ನಿಂತು ಒಮ್ಮೆ ನೋಡುತ್ತಾನೆ. ಆ ನೋಟಕ್ಕೇ ಇನ್ನೊಂದು ನಗು! ಮತ್ತೆ ಬೆರಳು. ದನಿ ಯಂತ್ರದ್ದು, ತಾಳ ಮಾತ್ರ ಪೂರ್ತಿ ಈತನದೇ! ಆ ಭಾವವಿಲ್ಲದ ಒಣ ದನಿಯೇ ತುಂಟ ಮಾತಿಗೆ ಇನ್ನಷ್ಟು ಖಾರ ಹಾಕುತ್ತದೆ. ಯಾವುದು ಕೊರತೆ ಎಂದುಕೊಂಡೆವೋ ಅದೇ ಆಯುಧ!

2014ರಲ್ಲಿ ಬಿಬಿಸಿಯ ಹೊಸ ಹಾಸ್ಯಗಾರರ ಪ್ರಶಸ್ತಿ ಬಂತು. ಮೊದಲ ಪ್ರದರ್ಶನವಾಗಿ ಎರಡೇ ವರ್ಷಕ್ಕೆ!

ತಡೆಯಿರಿ, ದೊಡ್ಡದು ಇನ್ನೂ ಬಾಕಿ ಇದೆ. ‘ಬ್ರಿಟನ್ಸ್ ಗಾಟ್ ಟ್ಯಾಲೆಂಟ್’ ಎಂಬ ಟಿವಿ ಪ್ರತಿಭಾ ಸ್ಪರ್ಧೆ ಶುರುವಾದದ್ದು 2007ರಲ್ಲಿ. ಹಾಡುಗಾರರು ಗೆದ್ದಿದ್ದರು. ನೃತ್ಯ ತಂಡ ಗೆದ್ದಿತ್ತು. ಜಾದೂಗಾರ ಗೆದ್ದಿದ್ದ. ಅಯ್ಯೋ, ನಾಯಿ ಕೂಡ ಗೆದ್ದಿತ್ತು! ಹಾಸ್ಯಗಾರ? ಒಬ್ಬನೂ ಇಲ್ಲ. 2018ರವರೆಗೆ ಒಬ್ಬನೇ ಒಬ್ಬನೂ ಇಲ್ಲ!

ಆ ವರ್ಷ ಗೆದ್ದವನು ಲೀ ರಿಡ್ಲಿ! ಬಹುಮಾನ 2.5 ಲಕ್ಷ ಪೌಂಡ್! ಎರಡನೇ ಸ್ಥಾನ ಯಾರಿಗೆ? ರಾಬರ್ಟ್ ವೈಟ್. ಆತನೂ ಹಾಸ್ಯಗಾರನೇ!

ಇಷ್ಟಕ್ಕೇ ಬೆರಗಾದಿರಾ? ಕೊನೆಯದೊಂದು ಊಹೆ ಮಾಡಿ. ಅದೇ 2018ರಲ್ಲಿ ಈತ ಕ್ಯಾಥರೀನ್ ಜೇಕ್‌ವೇಸ್ ಜೊತೆ ಸೇರಿ ಒಂದು ಹಾಸ್ಯ ಸರಣಿ ಬರೆದು ನಟಿಸಿದ. ಹೆಸರು ‘ಎಬಿಲಿಟಿ’. ಎಲ್ಲಿ ಪ್ರಸಾರವಾಯಿತು ಹೇಳಿ? ಟಿವಿಯಲ್ಲಿ? ಅಲ್ಲ. ರೇಡಿಯೊದಲ್ಲಿ! ಮಾತು ಬಾರದವನು, ಕಿವಿಯೊಂದನ್ನೇ ನಂಬಿದ ಬಿಬಿಸಿ ರೇಡಿಯೊ 4ರಲ್ಲಿ! ಕಥೆಯ ನಾಯಕ ಮ್ಯಾಟ್ ಕೂಡ ಯಂತ್ರದ ಮೂಲಕವೇ ಮಾತಾಡುವವ. ಹೊರಗೆ ಯಂತ್ರ ಒಂದು ಸಾಲು ಹೇಳುವಷ್ಟರಲ್ಲಿ ಅವನ ಮನಸ್ಸು ಒಳಗೆ ಹತ್ತು ಸಾಲು ಹರಟಿರುತ್ತದೆ. ಆ ಒಳಮಾತೂ ಕೇಳುಗರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ!