ಬೇಸಿಗೆಯ ಮೈದಾನ ಮತ್ತು ಮೊದಲ ಹದಿನಾಲ್ಕು ದಿನಗಳು

ಪರೀಕ್ಷೆಗಳು ಮುಗಿದು ಬೇಸಿಗೆಯ ರಜೆ ಆರಂಭವಾದೊಡನೆ ಕಾಲೇಜು ತರುಣರ ಮನಸ್ಸು ಮೈದಾನದತ್ತ ಹರಿಯುವುದು ಸಹಜ. ಮಳೆಗಾಲದ ತರುವಾಯ ನಡೆಯುವ ಅಂತರ ಕಾಲೇಜು ಫುಟ್‌ಬಾಲ್ ಪಂದ್ಯಗಳಿಗೆ ಮೈಯನ್ನು ಈಗಿನಿಂದಲೇ ಹದಗೊಳಿಸಬೇಕೆಂಬುದು ಅವರ ಹಂಬಲ. ಇಂತಹ ಅಭ್ಯಾಸ ಅನೇಕ ವೇಳೆ ಕಾಲೇಜಿನ ಏರ್ಪಾಡಾಗಿರುವುದಿಲ್ಲ. ನಾಲ್ಕಾರು ಗೆಳೆಯರು ತಾವಾಗಿಯೇ ಕೂಡಿ ಓಡುತ್ತಾರೆ, ದಂಡೆ ಬಸ್ಕಿ ಹೊಡೆಯುತ್ತಾರೆ, ಕೊನೆಗೆ ಎರಡು ಪಂಗಡಗಳಾಗಿ ಆಡುತ್ತಾರೆ. ಅಲ್ಲಿ ತರಬೇತುದಾರನೂ ಇಲ್ಲ, ವೈದ್ಯನೂ ಇಲ್ಲ, ಸಾಕು ಎನ್ನುವ ಹಿರಿಯನೂ ಇಲ್ಲ.

ಕನ್ನಡಿಗರಿಗೆ ಫುಟ್‌ಬಾಲ್ ಹೊಸತೇನೂ ಅಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಆಡಿದ ಭಾರತ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಇದ್ದರು. ಮೈಸೂರು ರಾಜ್ಯವು ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ತನ್ನದಾಗಿಸಿಕೊಂಡಿತು. ಆದರೆ ಬೆಂಗಳೂರಿನ ಹವೆಯಲ್ಲಿ ಪಳಗಿದ ಶರೀರ ಬೇರೆ, ಅಹಮದಾಬಾದಿನ ಧಗೆಯಲ್ಲಿ ಪಳಗಿದ ಶರೀರ ಬೇರೆ. ಗುಜರಾತಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳು ಮರೆಯಬಾರದ ಸಂಗತಿ ಇದೇ.

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿರುವ ಕನ್ನಡ ಕುಟುಂಬಗಳ ಮಕ್ಕಳಲ್ಲಿ ಬೆಂಗಳೂರು, ಮೈಸೂರು, ಧಾರವಾಡಗಳ ವಿದ್ಯಾರ್ಥಿನಿಲಯಗಳಲ್ಲಿದ್ದು ಓದುವವರುಂಟು. ಮೇ ತಿಂಗಳಲ್ಲಿ ಬೆಂಗಳೂರಿನ ಹಗಲಿನ ಗರಿಷ್ಠ ಉಷ್ಣತೆ ಸಾಮಾನ್ಯವಾಗಿ 33-34 ಡಿಗ್ರಿ; ಅಹಮದಾಬಾದಿನಲ್ಲಿ ಅದು 41-42 ಡಿಗ್ರಿ. ಒಂದು ಹಗಲು ಒಂದು ರಾತ್ರಿಗೂ ಮಿಕ್ಕ ರೈಲು ಪ್ರಯಾಣ ಮುಗಿಸಿ, ನಿದ್ದೆಗೆಟ್ಟು ಮನೆ ಸೇರಿದ ಹುಡುಗನು ಮರುದಿನ ಸಂಜೆಯೇ ಹಳೆಯ ಗೆಳೆಯರೊಡನೆ ಆಟಕ್ಕೆ ಇಳಿದರೆ, ಇಲ್ಲಿಯೇ ಇದ್ದು ಒಗ್ಗಿಕೊಂಡವರ ಸಮಕ್ಕೆ ಓಡುವ ಛಲ ಅವನಲ್ಲಿ ಹುಟ್ಟುತ್ತದೆ. ಅಪಾಯವಿರುವುದು ಆ ಛಲದಲ್ಲಿ.

ಶರೀರದ ಜಮಾ-ಖರ್ಚು

ಸ್ನಾಯುಗಳು ದುಡಿಯುವಾಗ ವ್ಯಯವಾಗುವ ಶಕ್ತಿಯಲ್ಲಿ ಕಾಲುಭಾಗದಷ್ಟು ಮಾತ್ರ ಚಲನೆಯಾಗಿ ಪರಿಣಮಿಸುತ್ತದೆ. ಮಿಕ್ಕ ಮುಕ್ಕಾಲು ಭಾಗ ಶಾಖವಾಗಿ ಒಳಗೇ ಜಮೆಯಾಗುತ್ತದೆ. ಈ ಜಮೆಯನ್ನು ಖರ್ಚು ಮಾಡಲು ಶರೀರಕ್ಕಿರುವ ಮುಖ್ಯ ಮಾರ್ಗ ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆ ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖ ಹೊರಬೀಳುತ್ತದೆ. ಬೆವರು ಸುರಿದರಷ್ಟೇ ಸಾಲದು, ಅದು ಆರಬೇಕು. ಆರದೆ ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ನೀರು, ಉಪ್ಪುಗಳ ನಷ್ಟವಾಗುವುದೇ ಹೊರತು ತಂಪು ದೊರೆಯುವುದಿಲ್ಲ.

ಈ ಮಾತನ್ನು ಅರಿತರೆ ಮೂರು ನಗರಗಳ ವ್ಯತ್ಯಾಸ ತಿಳಿಯುತ್ತದೆ. ಅಹಮದಾಬಾದಿನ ಬಿಸಿಲು ಒಣಬಿಸಿಲು. ಸೂರತ್ ಸಮುದ್ರಕ್ಕೆ ಸಮೀಪವಾದ್ದರಿಂದ ಅಲ್ಲಿನ ಗಾಳಿ ತೇವದಿಂದ ಕೂಡಿದೆ. ವಡೋದರಾ ಇವೆರಡರ ನಡುವಣದು. ಉಷ್ಣತೆ 41 ಡಿಗ್ರಿ ಇದ್ದು ಗಾಳಿಯ ತೇವ ನೂರಕ್ಕೆ 15 ಇದ್ದರೆ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವು ಸುಮಾರು 21 ಡಿಗ್ರಿ ತೋರಿಸುತ್ತದೆ. ಉಷ್ಣತೆ 35 ಡಿಗ್ರಿಯೇ ಆಗಿದ್ದರೂ ತೇವ ನೂರಕ್ಕೆ 60 ಇದ್ದರೆ ಅದೇ ಮಾಪಕ 28 ಡಿಗ್ರಿ ತೋರಿಸುತ್ತದೆ. ಬೆವರುವ ಶರೀರವು ಒದ್ದೆ ಬಟ್ಟೆ ಸುತ್ತಿದ ಮಾಪಕದಂತೆಯೇ. ಆದುದರಿಂದ ಪತ್ರಿಕೆಯಲ್ಲಿ ಸೂರತ್‌ನ ಉಷ್ಣತೆ ಕಡಿಮೆಯೆಂದು ಕಂಡು ಧೈರ್ಯ ತಾಳುವುದು ಸರಿಯಲ್ಲ. ಜೂನ್ ತಿಂಗಳಲ್ಲಿ ಮೋಡ ಕವಿದು ಮಳೆ ಬಾರದ ದಿನಗಳಂತೂ ಮೂರೂ ಊರುಗಳಲ್ಲಿ ಆಟಗಾರನಿಗೆ ಕಠಿಣವೇ.

ಶರೀರ ಒಗ್ಗುವ ಬಗೆ

ಸೆಕೆಗೆ ಶರೀರ ಒಗ್ಗಿಕೊಳ್ಳುವುದು ಮನೋಬಲದಿಂದಲ್ಲ, ಕಾಲಕ್ರಮದಿಂದ. ದಿನವೂ ಸ್ವಲ್ಪ ಹೊತ್ತು ಸೆಕೆಯಲ್ಲಿ ವ್ಯಾಯಾಮ ಮಾಡಿದರೆ ಮೊದಲ ಕೆಲವು ದಿನಗಳಲ್ಲಿಯೇ ರಕ್ತದ ದ್ರವಭಾಗ ಹೆಚ್ಚುತ್ತದೆ. ಹೃದಯದ ಬಡಿತ ಹತೋಟಿಗೆ ಬರುತ್ತದೆ. ಅನಂತರ ಬೆವರು ಬೇಗನೆ, ಹೇರಳವಾಗಿ ಬರತೊಡಗಿ, ಅದರೊಡನೆ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಈ ಎಲ್ಲ ಮಾರ್ಪಾಟುಗಳಿಗೆ ಸಾಮಾನ್ಯವಾಗಿ 10ರಿಂದ 14 ದಿನಗಳು ಹಿಡಿಯುತ್ತವೆ. ತಂಪು ಪ್ರದೇಶಕ್ಕೆ ಹಿಂತಿರುಗಿದರೆ ಮೂರು ನಾಲ್ಕು ವಾರಗಳಲ್ಲಿ ಈ ಗಳಿಕೆಯ ಬಹುಭಾಗ ಕರಗಿಹೋಗುತ್ತದೆ. ಕಳೆದ ವರ್ಷದ ಮೇ ತಿಂಗಳಲ್ಲಿ ಆಡಿದ್ದೆನೆಂಬುದು ಈ ವರ್ಷದ ಖಾತೆಗೆ ಬಾರದು. ಹಗಲೆಲ್ಲ ಹವಾನಿಯಂತ್ರಿತ ಕೋಣೆಯಲ್ಲಿ ಕಳೆಯುವವನು ಅಹಮದಾಬಾದಿನಲ್ಲಿಯೇ ಹುಟ್ಟಿ ಬೆಳೆದಿದ್ದರೂ ಹೊಸಬನೇ ಸರಿ.

ಈ ಪಾಠವನ್ನು ಹೊರದೇಶಗಳು ಕಷ್ಟದಿಂದ ಕಲಿತಿವೆ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ ನಮ್ಮದಲ್ಲ; ಅಲ್ಲಿ ಶಿರಸ್ತ್ರಾಣ, ಭುಜಕವಚಗಳನ್ನು ಧರಿಸಿ ಆಡುತ್ತಾರೆ. 2001ರಲ್ಲಿ ಕೋರಿ ಸ್ಟ್ರಿಂಗರ್ ಎಂಬ ಹೆಸರಾಂತ ಆಟಗಾರನು ಬೇಸಿಗೆ ಶಿಬಿರದ ಎರಡನೆಯ ದಿನವೇ ಕುಸಿದು, ಮರುದಿನ ಆಗಸ್ಟ್ 1ರಂದು ಉಷ್ಣಾಘಾತದಿಂದ ಮೃತನಾದನು. 2003ರಿಂದ ಅಲ್ಲಿನ ಕಾಲೇಜು ತಂಡಗಳಲ್ಲಿ ಋತುಪೂರ್ವ ಶಿಬಿರದ ಮೊದಲ 5 ದಿನ ದಿನಕ್ಕೆ ಒಂದೇ ಅಭ್ಯಾಸವೆಂದೂ, ಕವಚಗಳನ್ನು ಹಂತಹಂತವಾಗಿ ಧರಿಸಬೇಕೆಂದೂ ನಿಯಮವಾಯಿತು. ಆದರೂ 2018ರ ಮೇ 29ರಂದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ 19 ವರ್ಷದ ಆಟಗಾರನೊಬ್ಬನು ಓಟದ ವ್ಯಾಯಾಮದ ವೇಳೆ ಅಸ್ವಸ್ಥನಾಗಿ ಎರಡು ವಾರಗಳ ತರುವಾಯ ಅಸುನೀಗಿದನು. ಅವನನ್ನು ತಣ್ಣೀರಿನಲ್ಲಿ ಮುಳುಗಿಸಿ ತಂಪುಗೊಳಿಸಲಿಲ್ಲವೆಂದು ತನಿಖೆಯಿಂದ ತಿಳಿದುಬಂದಿತು. ಸಿಬ್ಬಂದಿಯೆಲ್ಲ ಇದ್ದ ಕಡೆಯೇ ಹೀಗಾಗುವುದಾದರೆ, ಯಾರೂ ಇಲ್ಲದ ಸಂಜೆಯ ಮೈದಾನದಲ್ಲಿ ಎಷ್ಟು ಎಚ್ಚರಿಕೆ ಬೇಕೆಂಬುದನ್ನು ಊಹಿಸಬಹುದು.

ಅಹಮದಾಬಾದ್ ನಗರವೂ ತನ್ನ ಪಾಠವನ್ನು ಕಲಿತಿದೆ. 2010ರ ಮೇ ತಿಂಗಳಲ್ಲಿ ಉಷ್ಣತೆ 46.8 ಡಿಗ್ರಿಗೆ ಏರಿದಾಗ, ಆ ಒಂದು ತಿಂಗಳಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದುವೆಂದು ಅಧ್ಯಯನವೊಂದು ಲೆಕ್ಕ ಹಾಕಿತು. 2013ರಲ್ಲಿ ಇಲ್ಲಿನ ಮಹಾನಗರಪಾಲಿಕೆಯು ಉಷ್ಣಪರಿಹಾರ ಯೋಜನೆಯನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯದಲ್ಲಿ ಅದೇ ಮೊದಲನೆಯದು. ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಮೂಲಕ ಅದು ಮುನ್ನೆಚ್ಚರಿಕೆ ನೀಡುತ್ತದೆ. ಕಿತ್ತಳೆ, ಕೆಂಪು ಸೂಚನೆಗಳಿರುವ ದಿನ ಹೊಸಬರು ಮೈದಾನಕ್ಕೆ ಹೋಗದಿರುವುದೇ ವಿವೇಕ.

ಅನುಸರಿಸಬೇಕಾದ ಕ್ರಮ

ಊರಿಗೆ ಬಂದ ಮೊದಲ ಎರಡು ದಿನ ಬೆಳಗಿನ ಆರು ಗಂಟೆಯ ಸುಮಾರಿಗೆ ಅರ್ಧ ಗಂಟೆ ನಡಿಗೆ, ಹಗುರವಾದ ಓಟ ಸಾಕು. ಮೂರರಿಂದ ಐದನೆಯ ದಿನದವರೆಗೆ ಮುಕ್ಕಾಲು ಗಂಟೆ, ಚೆಂಡಿನೊಡನೆ. ಎರಡನೆಯ ವಾರದಲ್ಲಿ ವೇಗದ ಓಟಗಳನ್ನು ಒಂದೊಂದಾಗಿ ಸೇರಿಸಬೇಕು. ಪೂರ್ಣ ಪ್ರಮಾಣದ ಆಟ ಎರಡು ವಾರಗಳ ಅನಂತರವೇ. ಸಂಜೆ ಐದು ಗಂಟೆಗೆ ಬಿಸಿಲು ಇಳಿದಂತೆ ಕಂಡರೂ ನೆಲ, ಗೋಡೆಗಳು ಕಾಯ್ದಿರುತ್ತವೆ. ಬಾಡಿಗೆಗೆ ದೊರೆಯುವ ಕೃತಕ ಹುಲ್ಲಿನ ಅಂಕಣಗಳು ಬಿಸಿಲಿನಲ್ಲಿ ನಿಜವಾದ ಹುಲ್ಲಿಗಿಂತ ಬಹಳ ಹೆಚ್ಚು ಕಾಯುತ್ತವೆ. ಅಲ್ಲಿ ಆಡುವುದಾದರೆ ರಾತ್ರಿಯೇ ಲೇಸು. ಜ್ವರ, ಭೇದಿ, ನಿದ್ದೆಗೇಡು ಇರುವ ದಿನ ಅಭ್ಯಾಸ ಸಲ್ಲದು.

ನೀರಿನ ಲೆಕ್ಕವೂ ಸರಳವೇ. ಆಟಕ್ಕೆ ಮೊದಲು ಮತ್ತು ಅನಂತರ ತೂಕ ನೋಡಿಕೊಳ್ಳಬೇಕು. ಒಂದು ಕಿಲೊ ಇಳಿದಿದ್ದರೆ ಒಂದು ಲೀಟರ್ ನೀರು ಖರ್ಚಾಗಿದೆ ಎಂದರ್ಥ. 60 ಕಿಲೊ ತೂಕದವನು ಒಂದೂಕಾಲು ಕಿಲೊಗಿಂತ ಹೆಚ್ಚು ಕಳೆದುಕೊಂಡರೆ ಕುಡಿದದ್ದು ಸಾಲದೆಂದೇ ತಿಳಿಯಬೇಕು. ತೂಕ ಏರಿದ್ದರೆ ಮಿತಿಮೀರಿ ಕುಡಿದಂತಾಯಿತು, ಅದೂ ಒಳ್ಳೆಯದಲ್ಲ. ನಮ್ಮ ಹಿರಿಯರು ರಾಮನವಮಿಗೆ ಪಾನಕ, ನೀರುಮಜ್ಜಿಗೆ, ಕೋಸಂಬರಿಗಳನ್ನು ಗೊತ್ತುಮಾಡಿದ್ದು ಬೇಸಿಗೆಗೆ ಒಪ್ಪುವಂತಹದೇ. ಉಪ್ಪು ಬೆರೆಸಿದ ಮಜ್ಜಿಗೆ ನಮಗೂ ಪ್ರಿಯ, ಛಾಸ್ ಎಂಬ ಹೆಸರಿನಿಂದ ಗುಜರಾತಿಗಳಿಗೂ ಪ್ರಿಯ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಸಮ ಟೀಚಮಚ ಉಪ್ಪು ಬೆರೆಸಿದ ದ್ರಾವಣವೂ ಉಪಯುಕ್ತ.

ಆಪತ್ತಿನ ವೇಳೆ

ತಲೆಸುತ್ತು, ವಾಂತಿ, ಸ್ನಾಯುಸೆಳೆತಗಳು ಆಟ ನಿಲ್ಲಿಸಬೇಕೆಂಬ ಸೂಚನೆಗಳು. ಆಟಗಾರನು ತಡವರಿಸುತ್ತ ಓಡಿದರೆ, ಅಸಂಬದ್ಧವಾಗಿ ಮಾತನಾಡಿದರೆ, ಕಾರಣವಿಲ್ಲದೆ ಸಿಡುಕಿದರೆ ಅಥವಾ ಕುಸಿದರೆ ಅದನ್ನು ಉಷ್ಣಾಘಾತವೆಂದೇ ಭಾವಿಸಬೇಕು. ಉಷ್ಣಾಘಾತದಲ್ಲಿ ಬೆವರು ನಿಂತಿರಲೇಬೇಕೆಂಬ ನಂಬಿಕೆ ತಪ್ಪು. ಓಡುತ್ತಿರುವಾಗ ಕುಸಿದವನ ಮೈ ಬೆವರಿನಿಂದ ತೊಯ್ದಿರಬಹುದು. ಒಳಗಿನ ಉಷ್ಣತೆ ಮಾತ್ರ 40 ಡಿಗ್ರಿಯನ್ನು ಮೀರಿರುತ್ತದೆ.

ಆಗ ಮೊದಲು ತಂಪು, ಅನಂತರ ಆಸ್ಪತ್ರೆ. ಒಬ್ಬನು 108ಕ್ಕೆ ಕರೆ ಮಾಡುತ್ತಿರುವಾಗಲೇ ಉಳಿದವರು ರೋಗಿಯನ್ನು ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ತಣ್ಣೀರಿನ ತೊಟ್ಟಿಯಲ್ಲಿ ತಲೆ ಮೇಲಿರುವಂತೆ ಹಿಡಿದು ಕತ್ತಿನವರೆಗೆ ಕೂರಿಸಬೇಕು. ತೊಟ್ಟಿ ಇಲ್ಲವಾದರೆ ಕೊಳವೆಯಿಂದ ಎಡೆಬಿಡದೆ ನೀರು ಹಾಯಿಸಿ, ಮಂಜುಗಡ್ಡೆಯ ನೀರಿನಲ್ಲಿ ಅದ್ದಿದ ಟವೆಲುಗಳನ್ನು ಮೈಮೇಲೆಲ್ಲ ಬದಲಾಯಿಸುತ್ತಿರಬೇಕು. ಪ್ರಜ್ಞೆ ಸರಿಯಾಗಿಲ್ಲದವನ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇಲ್ಲಿ ನಿರುಪಯೋಗಿ. ಅಮೆರಿಕದ ಫಾಲ್ಮತ್ ಎಂಬಲ್ಲಿನ ಓಟದ ಸ್ಪರ್ಧೆಯಲ್ಲಿ 18 ವರ್ಷಗಳ ಅವಧಿಯಲ್ಲಿ ಉಷ್ಣಾಘಾತಕ್ಕೊಳಗಾದ 274 ಪ್ರಕರಣಗಳಲ್ಲಿ ತಣ್ಣೀರಿನ ಚಿಕಿತ್ಸೆ ಒಡನೆಯೇ ದೊರೆತುದರಿಂದ ಒಬ್ಬರೂ ಸಾಯಲಿಲ್ಲ. ಅರ್ಧ ಗಂಟೆಯೊಳಗಿನ ತಂಪು ಜೀವವನ್ನು ಉಳಿಸುತ್ತದೆ. ತಡವಾದರೆ ದೊಡ್ಡ ಆಸ್ಪತ್ರೆಯೂ ಅಸಹಾಯಕವಾಗಬಹುದು.

ಮಕ್ಕಳನ್ನು ಮೈದಾನದಿಂದ ದೂರವಿಡುವುದು ಇದಕ್ಕೆ ಪರಿಹಾರವಲ್ಲ. ಆಟ ಅವರಿಗೆ ಆರೋಗ್ಯವನ್ನೂ ಈ ನಾಡಿನ ಸ್ನೇಹಿತರನ್ನೂ ನೀಡುತ್ತದೆ. ಪಾಲಕರು ಕೇಳಬೇಕಾದ ಪ್ರಶ್ನೆಗಳು ಮೂರೇ: ಊರಿಗೆ ಬಂದು ಎಷ್ಟು ದಿನವಾಯಿತು? ಮೈದಾನದಲ್ಲಿ ನೀರು, ಮಂಜುಗಡ್ಡೆಗಳು ಇವೆಯೇ? ಒಬ್ಬನು ಕುಸಿದರೆ ಏನು ಮಾಡಬೇಕೆಂಬುದನ್ನು ಬಲ್ಲವರು ಅಲ್ಲಿ ಯಾರು? ತಂಡದ ನಾಯಕನಾದವನು ಹಿಂದುಳಿದವನನ್ನು ಹಂಗಿಸದೆ, ಕುಳಿತುಕೋ ಎಂದು ಹೇಳುವಷ್ಟು ದೊಡ್ಡವನಾಗಬೇಕು. ಹದಿನಾಲ್ಕು ದಿನಗಳ ತಾಳ್ಮೆಯನ್ನು ಮೊದಲೇ ಠೇವಣಿಯಿಟ್ಟ ಆಟಗಾರನು ಇಡೀ ಋತುವಿನಲ್ಲಿ ಅದರ ಫಲವನ್ನು ಪಡೆಯುವುದರಲ್ಲಿ ಸಂದೇಹವಿಲ್ಲ.