ಪಿಕೊ ಬೋರ್ಡೇ ಡೀಬಗರ್ ಆದಾಗ

ಪ್ರಶ್ನೆ: ರಾಸ್ಪ್‌ಬೆರಿ ಪೈ ಪಿಕೊವನ್ನು ಯುಎಸ್‌ಬಿ ಡೀಬಗರ್ ಮಾಡಬಹುದೇ? ಫರ್ಮ್‌ವೇರ್ ತುಂಬುವಾಗ ಎಡವಟ್ಟಾದರೆ ಬೋರ್ಡು ಕೆಡುವುದೇ? (ವಿದ್ಯಾರ್ಥಿ, ಸುರತ್ಕಲ್, ಮಂಗಳೂರು)

ಉತ್ತರ: ಧಾರಾಳವಾಗಿ ಮಾಡಬಹುದು. 2021ರಲ್ಲಿ 4 ಡಾಲರಿಗೆ ಬಂದ ಪಿಕೊಗೆ ತಯಾರಕರೇ ‘ಡೀಬಗ್‌ಪ್ರೋಬ್’ ಎಂಬ ಮುಕ್ತ ಫರ್ಮ್‌ವೇರ್ ಕೊಟ್ಟಿದ್ದಾರೆ. ಸಿಮೇಕ್‌ನಲ್ಲಿ ಅದನ್ನು ಬಿಲ್ಡ್ ಮಾಡುವಾಗ ‘ಡೀಬಗ್ ಆನ್ ಪಿಕೊ’ ಆಯ್ಕೆ ಮರೆಯಬಾರದು. ಮರೆತರೆ ಅದೇ ಸಂಸ್ಥೆಯ ಬೇರೊಂದು ಪ್ರೋಬ್‌ಗೆ ಹೊಂದುವ ಕಡತ ತಯಾರಾಗುತ್ತದೆ.

ಬೂಟ್‌ಸೆಲ್ ಗುಂಡಿ ಒತ್ತಿ ಹಿಡಿದೇ ಕೇಬಲ್ ಚುಚ್ಚಿದರೆ ಪಿಕೊ ಪೆನ್‌ಡ್ರೈವ್‌ನಂತೆ ತೆರೆದುಕೊಳ್ಳುತ್ತದೆ. ಬಿಲ್ಡ್ ಮಾಡಿ ಪಡೆದ ಯುಎಫ್2 ಕಡತವನ್ನು ಅದರೊಳಗೆ ಎಳೆದು ಬಿಟ್ಟ ಕೂಡಲೇ ಡ್ರೈವ್ ಮಾಯ! ಗಾಬರಿ ಬೇಡ, ಫರ್ಮ್‌ವೇರ್ ಕೂತಿತು ಎಂದೇ ಅದರರ್ಥ. ಇನ್ನು ಡೀಬಗ್ ಮಾಡಬೇಕಾದ ಬೋರ್ಡಿಗೆ ಜಿಪಿ2ರಿಂದ ಕ್ಲಾಕ್, ಜಿಪಿ3ರಿಂದ ಡೇಟಾ, ಜೊತೆಗೊಂದು ಗ್ರೌಂಡ್ ತಂತಿ; ಇಷ್ಟೇ ಜೋಡಣೆ.

ತಪ್ಪು ಕಡತ ಹಾಕಿದರೂ ಬೋರ್ಡು ಸಾಯದು. ಬೂಟ್‌ಲೋಡರ್ ಚಿಪ್ಪಿನ ರೋಮ್‌ನಲ್ಲೇ ಅಚ್ಚಾಗಿರುವುದರಿಂದ ಗುಂಡಿ ಒತ್ತಿ ಮತ್ತೆ ಶುರುಮಾಡಬಹುದು.