ಹಾರ್ಮೋನಿಯಂ ಮನೆಗಳಿಗೆ ಹೊಸ ಹೊದಿಕೆ

ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ'ದ ತಾಲೀಮು ಶುರುವಾಯಿತೆಂದರೆ ಹಾರ್ಮೋನಿಯಂಗೆ ಬಿಡುವಿಲ್ಲ. 1934ರಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಈ ನಾಟಕ ಆಡಿದ ಗುಬ್ಬಿ ವೀರಣ್ಣನವರ ಕಂಪನಿಯಲ್ಲೂ ಹಾಡು ನಡೆಸುತ್ತಿದ್ದವರು ಹಾರ್ಮೋನಿಯಂ ಮೇಷ್ಟ್ರೇ. ಬೆವರಿದ ಬೆರಳು ಹೆಚ್ಚಾಗಿ ಓಡಾಡುವುದು ನಡುವಿನ ಸಪ್ತಕದಲ್ಲಿ. ಅಲ್ಲಿನ ಬಿಳಿ ಮನೆಗಳ (ಕೀಗಳ) ಹೊದಿಕೆಯೇ ಮೊದಲು ಸವೆದು, ಅಂಚು ಬಿಟ್ಟು ಏಳುತ್ತದೆ.

ಪ್ರತಿ ಮನೆಯೂ ಮರದ ಒಂದು ಸನ್ನೆ. ಮುಂದಿನ ತುದಿ ಒತ್ತಿದರೆ ಹಿಂದಿನ ತುದಿ ಮೇಲೆದ್ದು, ಅದರಡಿಯ ಚರ್ಮದ ಮುಚ್ಚಳ ತೆರೆಯುತ್ತದೆ. ತಿದಿಯ ಗಾಳಿ ನುಗ್ಗಿ ಹಿತ್ತಾಳೆಯ ರೀಡ್ ಕಂಪಿಸುತ್ತದೆ. ಬೆರಳು ತೆಗೆದೊಡನೆ ಸ್ಪ್ರಿಂಗ್ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ಹಾಗಾಗಿ ಹೊದಿಕೆ ಬರೀ ಅಂದಕ್ಕಲ್ಲ. ದಪ್ಪ ತುಂಡು ಅಂಟಿಸಿದರೆ ಪಕ್ಕದ ಮನೆಗಿಂತ ಎತ್ತರವಾಗಿ ಬೆರಳು ಎಡವುತ್ತದೆ. ಅಂಟು ಸಂದಿಗೆ ಇಳಿದರೆ ಮನೆ ಕಚ್ಚಿಕೊಂಡು, ಕೈ ತೆಗೆದ ಮೇಲೂ ಸ್ವರ ಊಳಿಡುತ್ತಲೇ ಇರುತ್ತದೆ.

ಹಳೆಯ ಪಿಯಾನೋಗಳ ಮನೆಗಳಿಗೆ ಆನೆಯ ದಂತ ಹೊದಿಸುತ್ತಿದ್ದರು. ದಂತದ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧಕ್ಕೆ 1989ರಲ್ಲಿ ಒಪ್ಪಿಗೆ ಬಿತ್ತು. ಅದಕ್ಕೆ ಬಹಳ ಮೊದಲೇ ಸೆಲ್ಯುಲಾಯ್ಡ್, ಆಮೇಲೆ ಅಕ್ರಿಲಿಕ್ ಬಂದಿದ್ದವು. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಹದಗೊಳಿಸಿ, ಕರ್ಪೂರ ಬೆರೆಸಿದರೆ ಸೆಲ್ಯುಲಾಯ್ಡ್. ಬೆಳಕಿಗೆ ಹಳದಿಯಾಗುತ್ತದೆ, ಬೆಂಕಿಗಂತೂ ಥಟ್ಟನೆ ಹತ್ತಿಕೊಳ್ಳುತ್ತದೆ. ಹಳೆಯ ಹಾರ್ಮೋನಿಯಂ ಪೆಟ್ಟಿಗೆಯ ಹೊದಿಕೆಯನ್ನು ಬಟ್ಟೆಯಿಂದ ಜೋರಾಗಿ ತಿಕ್ಕಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಇಸ್ತ್ರಿಪೆಟ್ಟಿಗೆ, ದೀಪ, ಬಿಸಿಗಾಳಿ ಯಾವುದನ್ನೂ ಹತ್ತಿರ ತರಬೇಡಿ.

ಮನೆಗಳನ್ನು ಬಿಚ್ಚುವ ಮೊದಲು ಪೆನ್ಸಿಲ್ಲಿನಲ್ಲಿ ಅನುಕ್ರಮ ಸಂಖ್ಯೆ ಬರೆಯಬೇಕು; ನೋಡಲು ಒಂದೇ ಥರ ಇದ್ದರೂ ಒಂದರ ಜಾಗಕ್ಕೆ ಇನ್ನೊಂದು ಸರಿಹೊಂದುವುದಿಲ್ಲ. ತೆಳು ಅಲಗನ್ನು ಹೊದಿಕೆಯಡಿ ನಿಧಾನ ತೂರಿಸಿ, ಹಳೆಯ ಅಂಟನ್ನಷ್ಟೇ ಉಜ್ಜಿ ತೆಗೆಯಬೇಕು, ಮರ ತಗ್ಗಬಾರದು. ಹೊಸ ತುಂಡನ್ನು ಚೂರು ದೊಡ್ಡದಾಗಿಯೇ ಕತ್ತರಿಸಿ, ಅಂಟಿಸಿ, ಬಿಗಿಹಿಡಿದು ಪೂರ್ತಿ ಒಣಗಿದ ಮೇಲೆ ಅಂಚನ್ನು ಅರದಿಂದ ಸವರಬೇಕು. ಕ್ಷಣದಲ್ಲಿ ಅಂಟುವ ಗಮ್ ಬೇಡವೆನ್ನುತ್ತೇನೆ: ತಪ್ಪಾಗಿ ಕೂತರೆ ಸರಿಪಡಿಸಲು ಸಮಯ ಸಿಗದು, ಅದರ ಆವಿ ಪ್ಲಾಸ್ಟಿಕ್ ಮೇಲೆ ಬಿಳಿ ಮಬ್ಬು ಬಿಡುತ್ತದೆ.

ನಡುವೆ ಒಂದೇ ಹೊಸ ಬಿಳಿ ತುಂಡು ಎದ್ದು ಕಾಣುತ್ತದೆಂದು ಎಲ್ಲ ಹೊದಿಕೆಗಳನ್ನೂ ಕಿತ್ತುಹಾಕಬೇಕಿಲ್ಲ. ತುದಿಯಲ್ಲಿ ಅಪರೂಪಕ್ಕೆ ಬಳಕೆಯಾಗುವ ಮನೆಯ ಹಳೆಯ ಹೊದಿಕೆ ಅಳತೆಗೆ ಹೊಂದುವಂತಿದ್ದರೆ ಅದನ್ನು ನಡುವಿಗೆ ತಂದು, ಹೊಸದನ್ನು ತುದಿಗೆ ಹಾಕಿ. ನಿಮ್ಮೂರಿನ ಭಜನಾ ಮಂದಿರದಲ್ಲೋ ತಾಲೀಮು ಮನೆಯಲ್ಲೋ ಮೂಲೆ ಸೇರಿದ ಪೆಟ್ಟಿಗೆಯಿದ್ದರೆ, ಕಳಚಿಬಿದ್ದ ಚೂರುಗಳನ್ನು ಗುಡಿಸಿ ಎಸೆಯದೆ ಲಕೋಟೆಯಲ್ಲಿ ಹಾಕಿಡಿ. ರಿಪೇರಿಯವರಿಗೆ ಅಳತೆಗೂ ಬಣ್ಣಕ್ಕೂ ಅದೇ ಮಾದರಿ.